ಮೂರನೆಯ ಸಾಲಿನ ತಂಗಿ

ಜನವರಿ ೨೮

ಅಕ್ಕನಿಗೆ,

ಐದು ವರ್ಷದ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ಇದು ಕೆಲಸದ ಪತ್ರ. ಕೆಲಸ ಮುಗಿದ ಮೇಲೆ ನೀನು ನಿನ್ನ ಪಾಡಿಗೆ, ನಾನು ನನ್ನ ಪಾಡಿಗೆ.

ನಾನು ಈಗಲೂ ಅದೇ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿದ್ದೇನೆ. ಮೂವತ್ತು ಯಂತ್ರ, ಎರಡು ಕಿಟಕಿ. ನನ್ನದು ಕಾಲರ್ ಕೂರಿಸುವ ಕೆಲಸ. ಇಲ್ಲಿಗೊಬ್ಬ ಆರೋಗ್ಯ ಕಾರ್ಯಕರ್ತೆ ಮೂರು ವರ್ಷದಿಂದ ಬರುತ್ತಾಳೆ. ಮೂಲೆಯಲ್ಲಿ ಪರದೆ ಕಟ್ಟಿ ಒಬ್ಬೊಬ್ಬರನ್ನೇ ಕರೆದು ರಕ್ತದೊತ್ತಡ ನೋಡುತ್ತಾಳೆ, ತೂಕ ನೋಡುತ್ತಾಳೆ, ಎದೆ ಪರೀಕ್ಷೆ ಮಾಡುತ್ತಾಳೆ. ನನ್ನ ಸರದಿ ಬಂದಾಗ ಮಾತ್ರ ಪುಸ್ತಕ ತಿರುವಿ, “ನಿಮ್ದು ನನ್ನ ಪಟ್ಟೀಲಿ ಬರಲ್ಲಮ್ಮ” ಎಂದು ಮುಂದಿನವಳನ್ನು ಕೂಗುತ್ತಾಳೆ. ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವವಳು, ಅದಕ್ಕೇ ಇರಬೇಕು ಎಂದುಕೊಂಡು ನಾನೂ ಕೇಳಲಿಲ್ಲ. ಬಾಯಿಬಿಟ್ಟು ಕೇಳುವುದು ನನ್ನ ಜಾಯಮಾನವಲ್ಲ, ನಿನಗೆ ಗೊತ್ತು.

ಈ ಸಲ ಕೇಳಲೇಬೇಕಾಯಿತು. ಎಡ ಎದೆಯಲ್ಲಿ ಒಂದು ಗಂಟಿದೆ, ಅಂಗಿಯ ಗುಂಡಿಯಷ್ಟು. ಒತ್ತಿದರೆ ನೋಯುವುದಿಲ್ಲ. ಬೀದಿಯ ಡಾಕ್ಟರು ಮುಟ್ಟಿ ನೋಡಿ, ದೊಡ್ಡಾಸ್ಪತ್ರೆಗೆ ಹೋಗಿ, ತಡ ಮಾಡಬೇಡಿ ಎಂದರು. ಆರೋಗ್ಯ ಕಾರ್ಡ್ ಇದ್ದರೆ ಅಲ್ಲಿ ಎಲ್ಲವೂ ಉಚಿತವಂತೆ. ಇಲ್ಲದಿದ್ದರೆ ಆ ಪರೀಕ್ಷೆಗಳು ನನ್ನಂಥವಳ ಕೈಗೆ ನಿಲುಕುವಂಥವಲ್ಲ. ಕಾರ್ಡಿಗೆಂದು ಕಚೇರಿಗೆ ಹೋದೆ. ಕಿಟಕಿಯ ಹಿಂದಿನ ಗುಮಾಸ್ತ ನನ್ನ ಗುರುತಿನ ಸಂಖ್ಯೆ ಒತ್ತಿ, “ನಿಮ್ಮ ಹೆಸರು ಆಗ್ಲೇ ಬೇರೆ ಯಾವುದೋ ಮನೆ ಕಾರ್ಡಲ್ಲಿದೆ. ಅಲ್ಲಿ ತೆಗೆಸದೆ ಇಲ್ಲಿ ಸೇರಿಸಕ್ಕಾಗಲ್ಲ” ಎಂದ. ಯಾವ ಮನೆ ಎಂದರೆ ಅದು ತನಗೆ ಕಾಣುವುದಿಲ್ಲವಂತೆ.

ನೀನೂ ಅಲ್ಲಿ ಆರೋಗ್ಯ ಕಾರ್ಯಕರ್ತೆಯಾಗಿ ಇದೇ ಕಾರ್ಡಿನ ಕೆಲಸದಲ್ಲಿರುವುದು ಯಾರೋ ಹೇಳಿ ಗೊತ್ತು. ಹೀಗಾದರೆ ಏನು ಮಾಡಬೇಕು, ತಿಳಿಸು. ಫೋನ್ ಬೇಡ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ.

ಇಷ್ಟೇ.
ತಂಗಿ


ಫೆಬ್ರವರಿ ೩

ಏ ಮೊಂಡಿ,

ಕೆಲಸದ ಪತ್ರವಂತೆ, ಕೆಲಸದ ಪತ್ರ! ಅಂಚೆಯವನ ಕೈಯಿಂದ ಅದನ್ನು ಕಸಿದುಕೊಂಡು, ನಿಂತಲ್ಲೇ ಓದಿ, ಒಳಗೆ ಬಂದು ಕೂತು ಮತ್ತೆ ಓದಿದೆ. ನಿನ್ನ ಭಾವ ಗಾಬರಿಯಿಂದ “ಯಾಕೆ ಅಳ್ತಿದ್ದೀಯ?” ಎಂದರು. “ಈರುಳ್ಳಿ” ಎಂದೆ. ಕೈಯಲ್ಲಿ ಈರುಳ್ಳಿಯೂ ಇರಲಿಲ್ಲ, ಚಾಕುವೂ ಇರಲಿಲ್ಲ. ಮರದ ಮಿಲ್ಲಿನಲ್ಲಿ ಮೂರು ಬೆರಳು ಹೋದಮೇಲೆ ಅವರು ಮನೆಯಲ್ಲೇ ಇದ್ದಾರೆ. ಈಗ ಮನೆ ನಡೆಯುವುದು ನನ್ನ ಸಂಬಳದಲ್ಲಿ.

ಗಂಟಿನ ಬಗ್ಗೆ ಮೊದಲು ಹೇಳುತ್ತೇನೆ. ಹೆಚ್ಚಿನವು ಏನೂ ಅಲ್ಲ. ನಾನು ಇಷ್ಟು ಹೆಂಗಸರನ್ನು ಕಳಿಸಿದ್ದೇನಲ್ಲ, ಮುಕ್ಕಾಲು ಪಾಲು ಜನ ನಗುತ್ತ ವಾಪಸು ಬಂದಿದ್ದಾರೆ. ಆದರೂ ಪರೀಕ್ಷೆ ಆಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ನನ್ನ ಕೆಲಸ ಕೇಳುತ್ತೀಯಾ? ನನ್ನ ಪಾಲಿಗೆ ಇನ್ನೂರಹತ್ತು ಮನೆ. ಪ್ರತಿ ಬಾಗಿಲಲ್ಲೂ ನಿಂತು ಅದೇ ಮಾತು: ನೋಡಿ, ಇದು ಎಲ್ಲರಿಗೂ, ಬಡವರು ಉಳ್ಳವರು ಅಂತಿಲ್ಲ, ಚಿಕಿತ್ಸೆ ನಿಮ್ಮ ಹಕ್ಕು, ಯಾರ ದಯೆಯೂ ಅಲ್ಲ. ಹೇಳಿ ಹೇಳಿ ನಾಲಿಗೆ ಸವೆದಿದೆ. ನಂಬುವವರೇ ಇಲ್ಲ. “ಬಿಟ್ಟಿ ಕೊಡ್ತಾರೆ ಅಂದ್ರೆ ಆಮೇಲೆ ಏನೋ ಕಿತ್ಕೊಳ್ತಾರೆ” ಎಂದು ಕ್ಷೌರದಂಗಡಿಯವನು ಎರಡು ವರ್ಷ ಬಾಗಿಲು ತೆಗೆಯಲಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಕಾರ್ಡಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಕಾಯಿಲೆ ಬಂದರೆ ಗಾಜು ಒಡೆದು ತೆಗೆಯುತ್ತಾರಂತೆ. ಇನ್ನೊಬ್ಬಾಕೆ ಅದನ್ನು ಹಾಲಿನ ಲೋಟಕ್ಕೆ ಮುಚ್ಚಳ ಮಾಡಿಕೊಂಡಿದ್ದಳು. ಈಗ ನೋಡು, ಅವರೆಲ್ಲ ಆಸ್ಪತ್ರೆಗೆ ಹೋಗುತ್ತಾರೆ. ನನ್ನ ಬೀದಿಗಳಲ್ಲಿ ಒಂದು ಹೆಸರೂ ಬಿಟ್ಟುಹೋಗಿಲ್ಲ.

ನಿನ್ನ ಹೆಸರಿನದು ಕಂಪ್ಯೂಟರಿನ ಗೊಂದಲ ಇರಬೇಕು. ಹೀಗೆ ಆಗುತ್ತಿರುತ್ತದೆ. ನಾನು ವಿಚಾರಿಸುತ್ತೇನೆ, ಒಂದು ಹದಿನೈದು ದಿನ ಕೊಡು. ನೀನು ಆ ಗುಮಾಸ್ತನ ಹತ್ತಿರ ಜಗಳ ಕಾಯಬೇಡ.

ಊಟ ಸರಿಯಾಗಿ ಮಾಡು.

ನಿನ್ನನ್ನು ಮರೆಯದ
ಅಕ್ಕ


ಫೆಬ್ರವರಿ ೩, ಸಂಜೆ
(ಅಂಚೆಗೆ ಹಾಕದೆ ಉಳಿದದ್ದು)

ತಂಗೀ,

ಬೆಳಗ್ಗೆ ಹಾಕಿದ ಪತ್ರದಲ್ಲಿ ಸುಳ್ಳು ಹೇಳಿದೆ. ಕಂಪ್ಯೂಟರಿಗೆ ಯಾವ ಗೊಂದಲವೂ ಇಲ್ಲ. ನಿನ್ನ ಹೆಸರು ಇರುವುದು ನನ್ನ ಮನೆಯ ಕಾರ್ಡಿನಲ್ಲಿ.

ಅಮ್ಮ ಹೋದ ದಿನ ನೀನು ಎಲ್ಲ ಮುಗಿದ ಮೇಲೆ ಬಂದೆ. ನಾನು ನೆರೆದವರೆಲ್ಲರ ಎದುರಿಗೆ, “ಅತಿಥಿಗಳು ಬಂದಿದ್ದಾರೆ, ಕುರ್ಚಿ ಹಾಕಿ” ಎಂದೆ. ನೀನು ಚಪ್ಪಲಿಯನ್ನೂ ಬಿಡದೆ ಹಾಗೇ ತಿರುಗಿ ಹೋದೆ. ಎರಡು ವರ್ಷ ಕಳೆದು ಈ ಆರೋಗ್ಯ ಕಾರ್ಡಿನ ಯೋಜನೆ ಬಂತು. ತರಬೇತಿಯಲ್ಲಿ ಮೊದಲು ನಿಮ್ಮ ನಿಮ್ಮ ಮನೆಯ ಪಟ್ಟಿ ತುಂಬಿ ಕಲಿಯಿರಿ ಎಂದರು. ಒಂದನೇ ಸಾಲಿನಲ್ಲಿ ನಾನು, ಎರಡನೆಯದರಲ್ಲಿ ನಿನ್ನ ಭಾವ. ಮೂರನೆಯ ಸಾಲು ಖಾಲಿ. ಅದನ್ನು ನೋಡುತ್ತ ಕೂತೆ. ಅಮ್ಮನ ಪೆಟ್ಟಿಗೆಯಲ್ಲಿ ನಿನ್ನ ಹಳೆಯ ಕಾಗದಗಳಿದ್ದವು, ಗುರುತಿನ ಸಂಖ್ಯೆಯೂ ಇತ್ತು. ನಿನ್ನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ತಂಗಿ ಎಂದು ಬರೆದೆ. ನಿನ್ನನ್ನು ಅತಿಥಿ ಎಂದ ಬಾಯಿಗೆ ಕ್ಷಮಿಸು ಎನ್ನಲು ಬರಲಿಲ್ಲ, ಕೈಯಾದರೂ ಮನೆಯವಳು ಎಂದು ಬರೆಯಲಿ ಅನ್ನಿಸಿತು. ಇದರಿಂದ ಯಾರಿಗೇನು ನಷ್ಟ ಎಂದುಕೊಂಡೆ.

ಆದರೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ಬರೆಯಬೇಕು. ಮೊದಲ ಸಲ ಪೆನ್ಸಿಲಿನಲ್ಲಿ ಬರೆದೆ, ಆಮೇಲೆ ಅಭ್ಯಾಸವಾಯಿತು. ತೂಕ ಐವತ್ತೆರಡು. ರಕ್ತದೊತ್ತಡ ಸರಿಯಾಗಿದೆ. ಒಂದು ಸಲ ಐವತ್ತನಾಲ್ಕು ಎಂದು ಬರೆದೆ, ಈಗೀಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆ ಎಂದುಕೊಂಡು. ಒಮ್ಮೆ ನಿನಗೆ ನೆಗಡಿಯನ್ನೂ ಬರಿಸಿದೆ, ಮುಂದಿನ ಸಲಕ್ಕೆ ವಾಸಿ ಮಾಡಿದೆ. ನಗಬೇಡ, ಮೂರು ತಿಂಗಳಿಗೊಮ್ಮೆ ಆ ಸಾಲು ತುಂಬುವಾಗ ನಿನ್ನ ಜೊತೆ ಕೂತು ಮಾತಾಡಿದ ಹಾಗೆ ಇರುತ್ತಿತ್ತು. ಪ್ರತಿ ಸಲವೂ ಕೊನೆಯ ಅಂಕಣದಲ್ಲಿ ‘ಎದೆ: ಗಂಟಿಲ್ಲ’. ಹನ್ನೊಂದು ಸಲ ಬರೆದಿದ್ದೇನೆ. ಕೊನೆಯದು ಹೋದ ಡಿಸೆಂಬರಿನಲ್ಲಿ.

ನಿಮ್ಮ ಕಾರ್ಯಕರ್ತೆ ನಿನ್ನನ್ನು ಬಿಟ್ಟು ಮುಂದಿನವಳನ್ನು ಕೂಗುತ್ತಿದ್ದುದು ಇದಕ್ಕೇ. ನಿನ್ನನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಎಂದು ಪುಸ್ತಕ ಹೇಳುತ್ತಿತ್ತು.

ನನ್ನ ಮನೆಯ ಕಾರ್ಡ್ ನಮ್ಮ ತಾಲ್ಲೂಕಿನಾಚೆ ನಡೆಯುವುದಿಲ್ಲ. ಹೆಸರು ತೆಗೆಯುವ ಅರ್ಜಿ ಒಂದೇ ಹಾಳೆ. ಆದರೆ ಬೇರೆ ಊರಿಗೆ ಹೋದಳು ಎಂದು ಬರೆದರೂ ಹೆಸರಿನ ಹಿಂದೆಯೇ ಆ ಹನ್ನೊಂದು ಪರೀಕ್ಷೆಗಳೂ ಹೋಗುತ್ತವೆ. ನಿನ್ನೂರಿನ ಡಾಕ್ಟರು ಓದುತ್ತಾರೆ, ನೀನು ಓದುತ್ತೀ. ಇಲ್ಲಿ ಅರ್ಜಿಗೆ ಸಹಿ ಹಾಕುವ ಮೇಲ್ವಿಚಾರಕಿ ಮೇಡಂ ಓದಿದರೆ ನನ್ನ ಕೆಲಸ ಹೋಗುತ್ತದೆ. ಹೇಗೆ ಹೇಳಲಿ? ಐದು ವರ್ಷದ ಮೇಲೆ ಒಂದು ಪತ್ರ ಬಂದಿದೆ. ಅದಕ್ಕೆ ನಾನು ಬರೆಯುವ ಉತ್ತರ ಇದೇನಾ?

ನಾಳೆ ಹಾಕುತ್ತೇನೆ.

ಅಕ್ಕ


ಫೆಬ್ರವರಿ ೨೭

ಅಕ್ಕ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ಸಿಟ್ಟಿನಿಂದಲೇ ಓದಿದೆ, ಆ ಹಾಲಿನ ಲೋಟದ ಮುಚ್ಚಳದ ಹತ್ತಿರ ಬಂದಾಗ ನಗು ತಡೆಯಲಾಗಲಿಲ್ಲ. ಪಕ್ಕದ ಯಂತ್ರದವಳಿಗೂ ಓದಿ ಹೇಳಿದೆ. “ನಿಮ್ಮಕ್ಕ ತಮಾಷೆ ಮನುಷ್ಯೆ ಕಣೇ” ಎಂದಳು. ಹೌದು ಎಂದೆ. ಹೌದು ಎನ್ನುವಾಗ ಎದೆ ಹಗುರಾಯಿತು.

ಅಮ್ಮನ ವಿಷಯ ಒಂದು ಹೇಳಿಬಿಡುತ್ತೇನೆ, ಮತ್ತೆ ಎತ್ತುವುದಿಲ್ಲ. ಅವತ್ತು ಬೆಳಗ್ಗೆಯೇ ನನಗೆ ಸುದ್ದಿ ಮುಟ್ಟಿತ್ತು. ಬಸ್ ನಿಲ್ದಾಣದವರೆಗೆ ಬಂದು ಎರಡು ಬಸ್ಸು ಬಿಟ್ಟೆ. ನೀನು ಆರು ವರ್ಷ ಅಮ್ಮನ ಮಲಮೂತ್ರ ಬಳಿದವಳು, ನಾನು ವರ್ಷಕ್ಕೊಮ್ಮೆ ಸೀರೆ ಕಳಿಸಿದವಳು. ಯಾವ ಮುಖ ಹೊತ್ತು ಬರಲಿ ಎಂದು ಕೂತುಬಿಟ್ಟೆ. ನೀನಂದದ್ದು ನೋಯಿಸಿತು ನಿಜ, ಆದರೆ ಸುಳ್ಳಾಗಿರಲಿಲ್ಲ.

ಹದಿನೈದು ದಿನ ಎಂದಿದ್ದೆ, ಇಪ್ಪತ್ತನಾಲ್ಕಾಯಿತು. ಅವಸರಪಡಿಸುತ್ತಿಲ್ಲ. ಮಾಲೀಕರಿಗೂ ಹೇಳಿದ್ದೇನೆ, ಅಕ್ಕ ಇದೇ ಇಲಾಖೆಯಲ್ಲಿದ್ದಾಳೆ, ಅವಳು ನೋಡಿಕೊಳ್ಳುತ್ತಾಳೆ ಎಂದು. ಹಾಗೆ ಹೇಳಿಕೊಳ್ಳಲು ನನಗೂ ಒಬ್ಬರಿದ್ದಾರೆ ಎಂದು ಈಚೆಗೆ ಗೊತ್ತಾಗುತ್ತಿದೆ. ಗುಂಡಿ ಸ್ವಲ್ಪ ದೊಡ್ಡದಾಗಿದೆ, ಕೋಟಿನ ಗುಂಡಿ ಎನ್ನಬಹುದು.

ಉತ್ತರಕ್ಕೆ ಕಾಯುತ್ತಿರುವ
ಮೊಂಡಿ


ಮಾರ್ಚ್ ೧೭

ನನ್ನ ಮೊಂಡಿಗೆ,

ಎರಡು ಬಸ್ಸು ಬಿಟ್ಟೆ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಎರಡು ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಕುರ್ಚಿಯ ಮಾತು ನನ್ನ ಬಾಯಿಂದ ಬರಬಾರದಿತ್ತು. ಇಷ್ಟನ್ನು ಈಗಲಾದರೂ ಬರೆದೆನಲ್ಲ.

ಹೆಸರಿನ ಕೆಲಸ ನಡೆಯುತ್ತಿದೆ. ಮೇಲಿನ ಕಚೇರಿಯಿಂದ ತಪಾಸಣೆಗೆ ಬರುತ್ತಿದ್ದಾರೆ, ಅದು ಮುಗಿಯುವವರೆಗೆ ಯಾವ ಹೆಸರನ್ನೂ ಮುಟ್ಟಬಾರದಂತೆ. ನೂರಕ್ಕೆ ನೂರು ಮನೆ ನೋಂದಾಯಿಸಿದ್ದಕ್ಕೆ ಈ ಸಲ ನನಗೆ ಶಾಲು ಹೊದಿಸುತ್ತಾರಂತೆ, ನಾಲ್ಕು ಮಾತಾಡಬೇಕಂತೆ. ನಿನ್ನ ಭಾವ ಕನ್ನಡಿಯ ಮುಂದೆ ನಿಲ್ಲಿಸಿ ಭಾಷಣ ಕಲಿಸುತ್ತಿದ್ದಾರೆ. ನನಗೆ ಬೇಕಿರಲಿಲ್ಲ.

ಏಪ್ರಿಲ್ ಮೊದಲ ವಾರ ಖಂಡಿತ. ಅಲ್ಲಿಯವರೆಗೆ ಅದನ್ನು ಒತ್ತಬೇಡ, ಶಾಖ ಕೊಡಬೇಡ. ಬೇರೆ ಯಾರ ಮಾತಿಗೂ ಕಿವಿಗೊಡಬೇಡ.

ಅಕ್ಕ


ಏಪ್ರಿಲ್ ೨೬

ಅಕ್ಕ,

ಶಾಲು ಹೊದಿಸಿದ್ದು ಇಲ್ಲಿಯ ಪತ್ರಿಕೆಯಲ್ಲೂ ಬಂದಿತ್ತು. ಕಂಕುಳಿಗೆ ಇಡಲು ಔಷಧಿ ಪೊಟ್ಟಣ ಕಟ್ಟಿಕೊಟ್ಟ ಕಾಗದದಲ್ಲಿ ನಿನ್ನ ಮುಖ ಕಂಡಿತು. ದಪ್ಪಗಾಗಿದ್ದೀಯ. ‘ಪ್ರತಿ ಮನೆಗೂ ತಲುಪಿದ ಕಾರ್ಯಕರ್ತೆ’ ಎಂದು ಬರೆದಿದ್ದಾರೆ. ಅದನ್ನು ಕತ್ತರಿಸಿ ಯಂತ್ರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.

ನಾನು ನಿನ್ನ ಮಾತು ಮೀರಿದೆ. ಯಾರೋ ಹೇಳಿದರು, ಬೇರಿನ ಔಷಧಿಯವನ ಹತ್ತಿರ ಹೋದೆ. ಕಂಕುಳಲ್ಲೂ ಎರಡು ಬಂದಿವೆ. ಎಡಗೈ ಎತ್ತಿದರೆ ನೋವು, ಕಾಲರ್ ನೇರ ಕೂರುವುದಿಲ್ಲ. ಮಾಲೀಕರು ಅಂಗಿಗೆ ಗುಂಡಿ ಹಚ್ಚುವ ಕೆಲಸಕ್ಕೆ ಹಾಕಿದ್ದಾರೆ. ಕಚೇರಿಗೆ ಮತ್ತೆ ಎರಡು ಸಲ ಹೋಗಿದ್ದೆ. ಆ ಗುಮಾಸ್ತ ನನ್ನನ್ನು ದೂರದಿಂದ ಕಂಡೇ ಕೈ ಅಲ್ಲಾಡಿಸುತ್ತಾನೆ.

ಇನ್ನು ಬಿಡು ಅಕ್ಕ. ನೀನು ಮಾಡುವಷ್ಟು ಮಾಡಿದೆ. ನಿನ್ನ ಕೈಲೂ ಆಗಲಿಲ್ಲ ಎಂದರೆ ಅದು ಆಗುವಂಥದ್ದಲ್ಲ. ನನಗೆ ನಿನ್ನ ಮೇಲೆ ಒಂದಿಷ್ಟೂ ಬೇಸರವಿಲ್ಲ. ಈ ನೆಪದಲ್ಲಿ ನಿನ್ನ ಎರಡು ಪತ್ರಗಳಾದರೂ ಬಂದವಲ್ಲ.

ಪ್ರೀತಿಯಿಂದ
ನಿನ್ನ ಮೊಂಡಿ


ಮೇ ೭

ತಂಗೀ,

ಇದರ ಜೊತೆ ಎರಡು ಕಾಗದಗಳಿವೆ. ಒಂದು, ನಿನ್ನ ಹೆಸರು ತೆಗೆದದ್ದಕ್ಕೆ ಮೊಹರು ಹಾಕಿದ ಪತ್ರ. ಅದನ್ನು ಹಿಡಿದು ಇವತ್ತೇ ಆ ಕಿಟಕಿಗೆ ಹೋಗು. ಒಂದೇ ದಿನದಲ್ಲಿ ಕಾರ್ಡ್ ಕೊಡುತ್ತಾರೆ. ಕಾರ್ಡ್ ಕೈಗೆ ಬಂದಕೂಡಲೇ ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗು, ಮನೆಗೂ ಹೋಗಬೇಡ. ಇನ್ನೊಂದು, ಫೆಬ್ರವರಿ ಮೂರರ ಸಂಜೆ ಬರೆದು ನಾನು ಅಂಚೆಗೆ ಹಾಕದ ಪತ್ರ. ಅದನ್ನು ಕಾರ್ಡ್ ಸಿಕ್ಕ ಮೇಲೆ ಓದು. ಮೊದಲೇ ಓದಿದರೆ ನೀನು ಸಿಟ್ಟಿನಲ್ಲಿ ನನ್ನ ಕಾಗದವೇ ಬೇಡವೆಂದು ಎಸೆದುಬಿಡುತ್ತೀ ಎಂದು ಹೆದರಿಕೆ.

‘ನಿನ್ನ ಮೇಲೆ ಬೇಸರವಿಲ್ಲ’ ಎಂಬ ಸಾಲು ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಮೇಡಂ ಮೇಜಿನ ಮೇಲೆ ತೆರೆದಿಟ್ಟೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಪುಟ ತಿರುವಿ ತಿರುವಿ ನೋಡಿದರು. “ಇಂಥವು ಇನ್ನೆಷ್ಟಿವೆ?” ಎಂದರು. “ಇದೊಂದೇ ಮೇಡಂ” ಎಂದೆ. “ನಾನು ಹೇಗೆ ನಂಬಲಿ?” ಎಂದರು.

ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಅದು ಸರಿಯೇ. ಇನ್ನೂರಹತ್ತು ಮನೆಗಳಿಗೆ ಬೇರೆಯವರು ಹೋಗಿ ನಾನು ಬರೆದದ್ದು ನಿಜವೋ ಸುಳ್ಳೋ ಎಂದು ಕೇಳುತ್ತಿದ್ದಾರೆ. ಬೀದಿಯಲ್ಲಿ ಈಗ ಬೇರೆಯೇ ಮಾತು ಹಬ್ಬಿದೆ. “ಅವಳದೇ ಸುಳ್ಳು ಅಂದ್ಮೇಲೆ ಕಾರ್ಡೂ ಸುಳ್ಳೇ” ಎಂದು ಕ್ಷೌರದಂಗಡಿಯವನು ಹೆಂಡತಿಯ ಸಕ್ಕರೆ ಕಾಯಿಲೆಯ ಮಾತ್ರೆ ತರುವುದನ್ನೇ ನಿಲ್ಲಿಸಿದ್ದಾನೆ. ಮೂರು ವರ್ಷ ಹೇಳಿ ನಂಬಿಸಿದ್ದು ಮೂರು ದಿನದಲ್ಲಿ ನೀರುಪಾಲಾಯಿತು. ನಿನ್ನೆ ಅವನ ಅಂಗಡಿಯ ಮುಂದೆ ನಿಂತು ಬೇಡಿಕೊಂಡೆ. ಕತ್ತರಿ ನಿಲ್ಲಿಸದೆ, “ನೀವು ಈಗ ಯಾರಾಗಿ ಹೇಳ್ತಿದ್ದೀರಿ?” ಎಂದು ಕೇಳಿದ.

ಫೆಬ್ರವರಿಯಲ್ಲೇ ಇದನ್ನು ಮಾಡಬಹುದಿತ್ತು. ಬೇರೆ ಎಲ್ಲದಕ್ಕೂ ನನ್ನ ಹತ್ತಿರ ಏನಾದರೊಂದು ಸಬೂಬು ಇದೆ, ಆ ಮೂರು ತಿಂಗಳಿಗೆ ಇಲ್ಲ. ಮೊದಲು ನೀನು ಮತ್ತೆ ಸಿಕ್ಕಿದ ಖುಷಿ, ಆಮೇಲೆ ಮತ್ತೆ ಕಳೆದುಕೊಳ್ಳುವ ಭಯ. ನಡುವೆ ಆ ಹಾಳು ಶಾಲು. ನನಗೆ ನಿನ್ನ ಪತ್ರಗಳು ಬೇಕಾಗಿದ್ದವು ತಂಗೀ. ಗಂಟಿನ ಮಾತು ಓದುವಾಗಲೂ ಬೇಕಾಗಿದ್ದವು.

ನೀನು ಹೂಂ ಎಂದರೆ ಈಗಲೇ ಹೊರಟು ಬರುತ್ತೇನೆ. ಆಸ್ಪತ್ರೆಯಲ್ಲಿ ಜೊತೆಗಿರುತ್ತೇನೆ.

ಅಕ್ಕ


ಮೇ ೩೦

ತಂಗೀ,

ಕಾಗದ ಸಿಕ್ಕಿತೋ ಇಲ್ಲವೋ? ಒಂದು ಸಾಲು ಬರೆ. ಬೈದಾದರೂ ಬರೆ.

ಅಕ್ಕ


ಜೂನ್ ೨೧

ತಂಗೀ,

ನಿನ್ನ ಕಾರ್ಖಾನೆಗೆ ಫೋನ್ ಮಾಡಿದ್ದೆ. ನೀನು ಆಸ್ಪತ್ರೆಯಲ್ಲಿದ್ದೀಯ ಎಂದರು. ಯಾವ ವಾರ್ಡ್ ಎಂದು ಕೇಳಿದರೆ, “ಹೇಳಬೇಡಿ ಅಂದಿದ್ದಾರೆ” ಎಂದರು. ಪತ್ರವನ್ನು ಅವರ ಕೈಗೇ ಕಳಿಸುತ್ತಿದ್ದೇನೆ, ಮುಟ್ಟಿಸುತ್ತಾರಂತೆ.

ನಾನು ಏನೂ ಕೇಳುವುದಿಲ್ಲ. ಹೇಗಿದ್ದೀಯ ಎಂದಷ್ಟೇ ತಿಳಿಸು.

ಅಕ್ಕ


ಜುಲೈ ೧೪

ಅಕ್ಕನಿಗೆ,

ಎಡಗೈಗೆ ಸೂಜಿ ಹಾಕಿದ್ದಾರೆ, ಬಲಗೈಯಿಂದ ಬರೆಯಬಹುದು. ಆದರೂ ಒಂದೇ ಸಲಕ್ಕೆ ಆಗುವುದಿಲ್ಲ, ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ.

ನೀನು ಹೇಳಿದ ಹಾಗೆ ಮೊದಲು ಕಾರ್ಡ್ ಮಾಡಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಗುಮಾಸ್ತ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಿನ್ನ ಫೆಬ್ರವರಿಯ ಪತ್ರ ಓದಿದೆ. ಓದುತ್ತಿರುವಾಗಲೇ ನನ್ನ ಹೆಸರು ಕೂಗಿದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವಳು. ಪರದೆಯ ಮೇಲೆ ನನ್ನ ಹಳೆಯ ದಾಖಲೆ ನೋಡುತ್ತ, “ಡಿಸೆಂಬರಲ್ಲಿ ಪರೀಕ್ಷೆ ಮಾಡಿದ್ದಾರಲ್ಲಮ್ಮ, ಆಗ ಏನೂ ಇರಲಿಲ್ವಲ್ಲ? ಇಷ್ಟು ಬೇಗ ಬೆಳೀತಾ?” ಎಂದು ಗಲಿಬಿಲಿಗೊಂಡಳು. ನಾನು “ಅದು ನಾನಲ್ಲ ಡಾಕ್ಟ್ರೇ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳುವಾಗ ನನಗೆ ಅಳು ಬಂತು.

ಅದು ಮೂಳೆಗೂ ಹೋಗಿದೆ, ಶ್ವಾಸಕೋಶಕ್ಕೂ ಹೋಗಿದೆ. ಕತ್ತರಿಸಿ ತೆಗೆಯುವ ಹಂತ ದಾಟಿದೆಯಂತೆ. ಮೊದಲೇ ಬಂದಿದ್ದರೆ ಎಂದು ಕೇಳಿದೆ. ಡಾಕ್ಟರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತ, ಖಚಿತವಾಗಿ ಹೇಳಲಾಗುವುದಿಲ್ಲ ಎಂದಳು. ಒಳ್ಳೆಯ ಹುಡುಗಿ. ಔಷಧಿ ಕೊಡುತ್ತಿದ್ದಾರೆ. ಎಲ್ಲವೂ ಉಚಿತ, ನೀನು ಬಾಗಿಲು ಬಾಗಿಲಲ್ಲಿ ನಿಂತು ಹೇಳುತ್ತಿದ್ದುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮಂಚ, ಹಾಸಿಗೆ, ಎರಡು ಹೊತ್ತಿನ ಊಟ, ಈ ಬಾಟಲಿ. ಯಾರೂ ಏನೂ ಕೇಳುವುದಿಲ್ಲ.

ಈ ವಾರ್ಡಿನಲ್ಲಿ ಹನ್ನೆರಡು ಜನರಿದ್ದೇವೆ. ಮಧ್ಯಾಹ್ನ ದಾದಿಯರು ಊಟಕ್ಕೆ ಹೋದಾಗ ಕತೆ ಹೇಳಿಕೊಳ್ಳುತ್ತೇವೆ. ಕಲ್ಲು ಹೊರುವವಳೊಬ್ಬಳಿಗೆ ಕಾರ್ಡ್ ಎಂದರೇನು ಎಂದೇ ಗೊತ್ತಿರಲಿಲ್ಲ. ಒಬ್ಬ ಟೀಚರಮ್ಮ ಇದು ಬಡವರಿಗೆ ಮಾತ್ರ ಎಂದುಕೊಂಡು ನಾಚಿಕೊಂಡಿದ್ದರಂತೆ. ಇನ್ನೊಬ್ಬಳಿಗೆ ಗಂಡ ಹೇಳಲೇ ಇಲ್ಲ. ಎಲ್ಲರೂ ತಿಳಿಯದೆ ತಡವಾದವರು. ನನ್ನ ಸರದಿ ಬಂದಾಗ ನಾನೂ ಹಾಗೇ ಎಂದುಬಿಟ್ಟೆ. ಹೇಳುವವಳು ನಮ್ಮ ಮನೆಯಲ್ಲೇ ಇದ್ದಳು ಎನ್ನಲು ನಾಲಿಗೆ ಏಳಲಿಲ್ಲ. ನಿನ್ನನ್ನು ಕಾಪಾಡಲಿಕ್ಕಲ್ಲ, ನನಗೇ ಅವಮಾನವಾಯಿತು.

ಆ ಪತ್ರವನ್ನು ಮತ್ತೆ ಮತ್ತೆ ಓದಿದ್ದೇನೆ. ನೆಗಡಿ ಬರಿಸಿ ವಾಸಿ ಮಾಡಿದ ಕಡೆ ಪ್ರತಿ ಸಲವೂ ಅಳು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ನೀನು ನನ್ನನ್ನು ಪ್ರೀತಿಸಲಿಲ್ಲ ಎಂದು ಹೇಳಲಾರೆ. ಪ್ರೀತಿಸಿದ್ದೀಯ, ನನ್ನನ್ನು ಒಂದು ಸಲವೂ ಕೇಳದೆ. ನಾನು ಹೇಗಿದ್ದೇನೆ ಎಂಬುದನ್ನೂ ನೀನೇ ತೀರ್ಮಾನಿಸಿದೆ. ನನಗೆ ಹೇಳಬೇಕೋ ಬೇಡವೋ ಎಂಬುದನ್ನೂ ನೀನೇ ತೀರ್ಮಾನಿಸಿದೆ. ಹನ್ನೊಂದು ಸಲದ್ದನ್ನು ಹೊಟ್ಟೆಗೆ ಹಾಕಿಕೊಂಡೇನು. ಫೆಬ್ರವರಿ ಮೂರರ ಬೆಳಗ್ಗೆ ‘ಒಂದು ಹದಿನೈದು ದಿನ ಕೊಡು’ ಎಂದೆಯಲ್ಲ, ಅದನ್ನು ನುಂಗಲು ನನ್ನಿಂದ ಆಗುತ್ತಿಲ್ಲ. ಪ್ರಯತ್ನ ಮಾಡಿ ನೋಡಿದೆ ಅಕ್ಕ.

ಬರುತ್ತೇನೆ ಎಂದಿದ್ದೀಯ. ಬರಬೇಡ. ಈಗ ನೀನು ಬಂದು ಅತ್ತರೆ ನಾನೇ ನಿನಗೆ ಸಮಾಧಾನ ಹೇಳಬೇಕಾಗುತ್ತದೆ. ಅದಕ್ಕೆ ನನ್ನಲ್ಲಿ ಶಕ್ತಿಯಿಲ್ಲ.

ಮೊನ್ನೆ ದಾದಿ ಒಂದು ನಮೂನೆ ತಂದಿದ್ದಳು. ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಶರೀರವನ್ನು ಯಾರಿಗೆ ಒಪ್ಪಿಸಬೇಕು ಎಂದು ಅದರಲ್ಲಿ ಬರೆಯಬೇಕು. ಎರಡು ದಿನ ತಲೆದಿಂಬಿನ ಅಡಿ ಇಟ್ಟುಕೊಂಡಿದ್ದೆ. ಪಕ್ಕದ ಯಂತ್ರದವಳ ಹೆಸರು ಬರೆಯೋಣವೆಂದರೆ ಅವಳಿಗೆ ಮೂರು ಮಕ್ಕಳು, ಅವಳ ಮೇಲೆ ಹೊರಿಸಲು ಮನಸ್ಸು ಬರಲಿಲ್ಲ. ಕೊನೆಗೆ ನಿನ್ನ ಹೆಸರನ್ನೇ ಬರೆದೆ, ನಿನ್ನ ವಿಳಾಸವನ್ನೂ ಬರೆದೆ. ಕ್ಷಮಿಸಿದೆ ಎಂದುಕೊಳ್ಳಬೇಡ. ನನಗೆ ಬೇರೆ ಯಾರೂ ಇಲ್ಲ.

ಅವರು ಕರೆ ಕಳಿಸಿದಾಗ ಬಾ.

ತಂಗಿ